ಕಾಲುವೆ ಊರಿನ ಹಿತ್ತಲು

(ಜವಳಗೇರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ದತ್ತಿ ಉಪನ್ಯಾಸವೆಂದರೆ ವಚನವನ್ನೋ ಕಾವ್ಯವನ್ನೋ ಕುರಿತ ಮಾತು ಎಂಬ ರೂಢಿಯಿದೆ. ಅಂಥ ವೇದಿಕೆಗೆ ಪುಂಡಿಪಲ್ಯ, ಚವಳೀಕಾಯಿಗಳ ವಿಷಯ ತಂದರೆ ಕೆಲವರಿಗೆ ಹಗುರವೆನಿಸೀತು. ಈ ಊರಲ್ಲಿ ನಿಂತು ಊಟದ ಮಾತಾಡುವುದು ಮಾತ್ರ ಅಷ್ಟು ಹಗುರದ ಕೆಲಸವಲ್ಲ. ಸಿಂಧನೂರು ತಾಲ್ಲೂಕನ್ನು ಭತ್ತದ ಕಣಜ ಎಂದು ಕರೆದುಕೊಳ್ಳುತ್ತೇವೆ. ಇಲ್ಲಿಯ ಸೋನಾ ಮಸೂರಿ ಬೆಂಗಳೂರಿನ ತಾಟನ್ನೂ ತಲುಪುತ್ತದೆ. ಅದನ್ನು ಬೆಳೆದ ಮನೆಯಲ್ಲಿ ಮಧ್ಯಾಹ್ನಕ್ಕೊಂದು ತಪ್ಪಲುಪಲ್ಯ ಬೇಕೆಂದರೆ ಸಂತೆಯ ದಿನಕ್ಕೆ ಕಾಯಬೇಕು, ಇಲ್ಲವೆ ತಳ್ಳುಗಾಡಿಯವನ ಕೂಗಿಗೆ ಕಿವಿಗೊಡಬೇಕು. ಹತ್ತಾರು ಎಕರೆ ಹಸಿರಿನ ನಡುವೆ ಇರುವ ಮನೆಗೆ ಹಸಿರು ಹೊರಗಿನಿಂದ ಬರುವುದು ಹೇಗೆ ಸಹಜವಾಯಿತು ಎಂಬುದನ್ನು ಮೊದಲು ನೋಡಬೇಕು. ನನ್ನ ವಾದ ಇಷ್ಟು: ಸ್ಥಳೀಯವಾದದ್ದನ್ನು ಉಣ್ಣಬೇಕೆಂಬ ಮಾತಿಗೆ ಈ ಭಾಗದಲ್ಲಿ ದೂರದ ಅಳತೆಯಿಂದ ಅರ್ಥ ಬರುವುದಿಲ್ಲ. ಬೆಳೆ ಪದ್ಧತಿ ಬದಲಾದಾಗ ಹೊಲ ಪುಕ್ಕಟೆಯಾಗಿ ಕೊಡುತ್ತಿದ್ದ ಒಂದು ಭಾಗ ನಿಂತುಹೋಯಿತು. ಅದನ್ನು ಈಗ ಹಿತ್ತಲು ಕೊಡಬೇಕಾಗಿದೆ. ಹಿತ್ತಲು ಅದನ್ನು ಕೊಡಬೇಕಾದರೆ ಬರುವ ವರ್ಷದ ಯೋಜನೆಯನ್ನು ಮಿರಗದ ಮಳೆಯಿಂದ ಮುಂದಕ್ಕೆ ಎಣಿಸದೆ, ಏಪ್ರಿಲ್–ಮೇ ತಿಂಗಳಿಂದ ಹಿಂದಕ್ಕೆ ಎಣಿಸಬೇಕು.

ತುಂಗಭದ್ರಾ ಯೋಜನೆಯ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಆಗ ಈ ದಂಡೆ ನಿಜಾಮರದ್ದು, ಆಚೆ ದಂಡೆ ಮದ್ರಾಸಿನದು. 1953ರಲ್ಲಿ ಜಲಾಶಯ ಮುಗಿದು, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಗೆ ನೀರು ಹರಿಯಿತು. ಯೋಜನೆ ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಭತ್ತದ ಸಮುದ್ರವಲ್ಲ. ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಪಾಲನ್ನಷ್ಟೇ ಬಿಟ್ಟಿದ್ದರು. ಬರದ ಸೀಮೆಗೆ ತೆಳುವಾಗಿ ನೀರು ಹಂಚಿ ಹೆಚ್ಚು ಊರುಗಳನ್ನು ಕಾಯುವುದು ಆ ಲೆಕ್ಕದ ಉದ್ದೇಶ. ಕಾಗದದ ಮೇಲೆ ಅದು ಈಗಲೂ ಇದೆ. ನೆಲದ ಮೇಲೆ ನಡೆದದ್ದು ಬೇರೆ. ಗೋದಾವರಿ, ಕೃಷ್ಣಾ ಬಯಲುಗಳ ಕಡೆಯಿಂದ ಬಂದ ಆಂಧ್ರದ ಕುಟುಂಬಗಳು ಕ್ಯಾಂಪು ಕಟ್ಟಿ, ಎರೆಹೊಲವನ್ನು ಮಟ್ಟ ಮಾಡಿ, ನಾಟಿ ಹಚ್ಚುವ ವಿದ್ಯೆ ತಂದರು, ನಮ್ಮವರೂ ಕಲಿತರು. ಅದಕ್ಕಾಗಿ ಯಾರನ್ನೂ ದೂರುವ ಇರಾದೆ ಇಲ್ಲ. ಭತ್ತಕ್ಕೆ ಖಾತ್ರಿಯ ಕೊಳ್ಳುವವನಿದ್ದ, ಸಾಲಕ್ಕೆ ಆಧಾರವಿತ್ತು, ಗಿರಣಿ ಹತ್ತಿರವಿತ್ತು. ಸಿಗುವ ನೀರನ್ನು ಹೆಚ್ಚು ಹಣ ತರುವ ಬೆಳೆಗೆ ಹಾಕುವುದು ಯಾವ ರೈತನೂ ಮಾಡುವ ಕೆಲಸ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೆಳಭಾಗಕ್ಕೆ ನೀರು ತಲುಪದಾಯಿತು ಎಂಬ ಜಗಳ ಪ್ರತಿ ವರ್ಷದ್ದು. ಅದನ್ನು ಇವತ್ತು ಕೆದಕುವುದಿಲ್ಲ. ಅಷ್ಟೊಂದು ಚರ್ಚೆಯಾಗದ ಇನ್ನೊಂದು ನಷ್ಟ ಇದೆ.

ಜೋಳದ ಹೊಲ ಜೋಳವನ್ನಷ್ಟೇ ಕೊಡುತ್ತಿರಲಿಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದಿ, ಹೆಸರು, ಮಡಿಕೆ. ಅಂಚಿಗೆ ಪುಂಡಿ, ಕುಸುಬಿ, ಗುರೆಳ್ಳು. ನಡುವೆ ಅಲ್ಲೊಂದು ಇಲ್ಲೊಂದು ಸೌತೆ, ಹೀರೆಯ ಬಳ್ಳಿ. ಇವು ಬಿತ್ತಿದವು. ಬಿತ್ತದೆ ಬರುತ್ತಿದ್ದವು ಇನ್ನಷ್ಟು: ಹಕ್ಕರಕಿ, ಗೋಳಿಪಲ್ಯ, ಕಿರಕಸಾಲಿ, ರಾಜಗಿರಿ. ಕಳೆ ತೆಗೆಯಲು ಹೋದವರ ಉಡಿಯಲ್ಲಿ ಸಂಜೆಯ ಪಲ್ಯ ಮನೆಗೆ ಬರುತ್ತಿತ್ತು. ಹಕ್ಕರಕಿಯನ್ನು ಬೇಯಿಸುವುದೂ ಇಲ್ಲ. ಹಿಂಗಾರಿ ಜೋಳದ ಹೊಲದಿಂದ ಕಿತ್ತು ತೊಳೆದು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು ಅದು. ಈ ಸೊಪ್ಪುಗಳಿಗೆ ಬೆಲೆಯಿರಲಿಲ್ಲ, ಆದ್ದರಿಂದ ಯಾವ ಸರ್ಕಾರಿ ಅಂಕಿಅಂಶದಲ್ಲೂ ಅವು ಕಾಣಿಸಲಿಲ್ಲ. ಎರೆಹೊಲ ಗದ್ದೆಯಾದಾಗ ನಿಂತ ನೀರಿನಲ್ಲಿ ಅಕ್ಕಡಿಗೆ ಜಾಗ ಉಳಿಯಲಿಲ್ಲ. ಹಕ್ಕರಕಿ ಮುಳುಗಿತು, ಉಳಿದದ್ದಕ್ಕೆ ಕಳೆನಾಶಕ ಬಿತ್ತು. ಇಳುವರಿಯ ಪಟ್ಟಿಯಲ್ಲಿ ಎಕರೆಗೆ ಇಷ್ಟು ಚೀಲ ಭತ್ತ ಎಂಬ ಲಾಭ ಬರೆಯಲಾಯಿತು. ಕಾಳು, ಎಣ್ಣೆಬೀಜ, ಸೊಪ್ಪು ಹೋದದ್ದನ್ನು ಯಾರೂ ಬರೆಯಲಿಲ್ಲ, ಏಕೆಂದರೆ ಅವು ಮೊದಲೂ ಪಟ್ಟಿಯಲ್ಲಿ ಇರಲಿಲ್ಲ.

ಈ ನಷ್ಟ ದೇಹದಲ್ಲಿ ಹೇಗೆ ಕಾಣಿಸುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5. ಇಡೀ ಹೊಣೆಯನ್ನು ಸೊಪ್ಪಿನ ಅಭಾವದ ಮೇಲೆ ಹೊರಿಸುವುದು ಅತಿಯಾದೀತು. ಜಂತುಹುಳ, ಬೇಗನೆ ಮದುವೆ, ಮೇಲಿಂದ ಮೇಲೆ ಹೆರಿಗೆ, ಬಡತನ ಎಲ್ಲ ಸೇರಿಕೊಂಡಿವೆ. ಹಾಗಿದ್ದೂ ತಾಟಿನ ಪಾಲು ಸಣ್ಣದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆನ್ನುತ್ತದೆ. ಐದು ಮಂದಿಯ ಮನೆಗೆ ದಿನಕ್ಕೆ ಎರಡು ಕಿಲೋ ತರಕಾರಿ. ಪಡಿತರದ ಅಕ್ಕಿ, ತೆಳ್ಳನೆ ಸಾರು, ಸಂತೆಯ ಮರುದಿನ ಮಾತ್ರ ಪಲ್ಯ ಎಂಬ ಪದ್ಧತಿ ಅದರ ಹತ್ತಿರವೂ ಹೋಗುವುದಿಲ್ಲ. ಹಳೆಯ ಊಟದ ಜೋಡಣೆಯನ್ನು ಇಲ್ಲಿ ನೆನೆಯಬೇಕು. ಜೋಳದಲ್ಲೂ ಬೇಳೆಯಲ್ಲೂ ಇರುವ ಕಬ್ಬಿಣಾಂಶ ಮೈಗೆ ಹತ್ತಲು ಸಿ ಜೀವಸತ್ವದ ನೆರವು ಬೇಕು. ಅದು ಹಸಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆಯಿಂದ ಬರುತ್ತದೆ. ಸೊಪ್ಪಿನಲ್ಲಿರುವ ಎ ಜೀವಸತ್ವದ ಮೂಲದ್ರವ್ಯಕ್ಕೆ ಜಿಡ್ಡಿನ ಜೊತೆ ಬೇಕು. ಅದನ್ನು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒದಗಿಸುತ್ತಿದ್ದವು. ಯಾರೂ ಪ್ರಯೋಗಾಲಯದಲ್ಲಿ ಕುಳಿತು ಜೋಡಿಸಿದ್ದಲ್ಲ. ಹೊಲದಲ್ಲಿ ಒಟ್ಟಿಗೆ ಇದ್ದದ್ದು ತಾಟಿನಲ್ಲೂ ಒಟ್ಟಿಗೆ ಇತ್ತು, ಅಷ್ಟೆ.

ಇಲ್ಲಿ ಓದಿದವರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಸ್ಥಳೀಯ ಆಹಾರ ಎಂಬುದು ಪಶ್ಚಿಮದ ಶ್ರೀಮಂತರ ಗೀಳು ಎನ್ನುತ್ತಾರೆ. 2005ರಲ್ಲಿ ಕೆನಡಾದ ವ್ಯಾಂಕೂವರ್‌ನ ದಂಪತಿ ಮನೆಯ ಸುತ್ತ ನೂರು ಮೈಲಿಯೊಳಗೆ ಬೆಳೆದದ್ದನ್ನು ಮಾತ್ರ ಉಣ್ಣುವ ವ್ರತ ಹಿಡಿದು ಪ್ರಸಿದ್ಧರಾದರು. ಆಮೇಲೆ 2008ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ, ಅಲ್ಲಿಯ ಊಟದ ಹಿಂದಿನ ಇಂಗಾಲದ ಹೊರೆಯಲ್ಲಿ ಸಾಗಣೆಯ ಪಾಲು ಶೇಕಡಾ 11 ಮಾತ್ರ, ಉತ್ಪಾದಕನಿಂದ ಅಂಗಡಿಗೆ ಬರುವ ಕೊನೆಯ ಹಂತದ್ದು ಬರೀ ಶೇಕಡಾ 4 ಎಂದು ತೋರಿಸಿದರು. ಏನು ಉಣ್ಣುತ್ತೀರಿ ಎಂಬುದು ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ದೊಡ್ಡದು ಎಂದು ಅದರ ತಾತ್ಪರ್ಯ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೂ ನನ್ನ ವಾದಕ್ಕೆ ಧಕ್ಕೆಯಿಲ್ಲ. ಮೈಲಿಯ ಲೆಕ್ಕ ಹಿಡಿದರೆ ನಮ್ಮ ಗದ್ದೆಯ ಅಕ್ಕಿಯಷ್ಟು ಸ್ಥಳೀಯವಾದದ್ದು ಬೇರೊಂದಿಲ್ಲ. ಅದನ್ನೇ ಮೂರು ಹೊತ್ತು ಉಂಡರೂ ರಕ್ತ ಏರುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ದೂರದಿಂದ ಬಂದರೆ ಬರಲಿ, ಅವು ತಾಳಿಕೊಳ್ಳುವ ಸರಕು. ತಪ್ಪಲುಪಲ್ಯ ತಾಳುವುದಿಲ್ಲ. ಬಿಸಿಲಿನಲ್ಲಿ ಎರಡು ದಿನ ಕಳೆದ ಸೊಪ್ಪು ಬಾಡುವುದಷ್ಟೇ ಅಲ್ಲ, ಅದರ ಸಿ ಜೀವಸತ್ವದ ದೊಡ್ಡ ಪಾಲು ಕಳೆದಿರುತ್ತದೆ. ನಲವತ್ತು ಡಿಗ್ರಿಯ ಊರಿನಲ್ಲಿ ಸೊಪ್ಪು ಸ್ಥಳೀಯವಾಗಿರಲೇಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನೊಂದು ಆಕ್ಷೇಪ ರೈತರದ್ದೇ, ಹೆಚ್ಚು ಗಟ್ಟಿಯಾದದ್ದು. ಭತ್ತ ಬೆಳೆದು ಮಾರಿ, ಆ ದುಡ್ಡಿನಲ್ಲಿ ತರಕಾರಿ ಕೊಂಡರೆ ಲಾಭವಲ್ಲವೇ? ಅರ್ಥಶಾಸ್ತ್ರವೂ ಇದನ್ನೇ ಹೇಳುತ್ತದೆ. ಹತ್ತು ಎಕರೆಯವರಿಗೆ ಇದು ಸರಿಯೇ. ಆದರೆ ಭತ್ತದ ದುಡ್ಡು ಬರುವುದು ವರ್ಷಕ್ಕೆ ಒಂದು ಅಥವಾ ಎರಡು ಸಲ, ಬಂದ ದಿನವೇ ಗೊಬ್ಬರದಂಗಡಿಗೂ ಸಾಲಕ್ಕೂ ಹಂಚಿಹೋಗುತ್ತದೆ. ಪಲ್ಯ ದಿನಾಲೂ ಬೇಕು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಕೂಲಿಯ ಮನೆಗಳು ಅಕ್ಕಿ ಬಿಡಲಿಲ್ಲ, ಎಣ್ಣೆ ಬಿಡಲಿಲ್ಲ, ತರಕಾರಿ ಬಿಟ್ಟವು. ಬೆಲೆ ಏರಿದಾಗ ಮೊದಲು ತಾಟಿನಿಂದ ಇಳಿಯುವುದು ಅದೇ. ಹಿತ್ತಲು ದುಡ್ಡು ಉಳಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಉಳಿಯುವ ದುಡ್ಡು ಅಷ್ಟಿಷ್ಟೆ. ದುಡ್ಡಿಲ್ಲದ ವಾರದಲ್ಲೂ ತಾಟಿನಲ್ಲಿ ಹಸಿರು ಇರುವಂತೆ ಮಾಡುವುದು ಅದರ ಉಪಯೋಗ. ಭತ್ತದ ಮೇಲಿನ ಭರವಸೆಯೂ ಮೊದಲಿನಂತಿಲ್ಲ. 133 ಟಿಎಂಸಿ ಅಡಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2023ರ ಬರದಲ್ಲಿ ಅದು ತುಂಬಲಿಲ್ಲ. 2024ರಲ್ಲಿ ತುಂಬಿತು, ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ನೀರು ಹೊರನುಗ್ಗಿತು, ತಾತ್ಕಾಲಿಕ ಗೇಟು ಕೂರಿಸುವ ಹೊತ್ತಿಗೆ ವಾರ ಕಳೆದಿತ್ತು. ಕಾಲುವೆಯ ನೀರು ಎಷ್ಟು ದಿನ ಎಂಬುದು ಇನ್ನು ಮುಂದೆ ಪ್ರತಿ ವರ್ಷದ ಅನುಮಾನ. ಹಿತ್ತಲಿನ ಯೋಜನೆ ಅದನ್ನು ನೆಚ್ಚಿಕೊಳ್ಳಬಾರದು.

ಹಾಗಾದರೆ ಯಾವ ನೀರು, ಎಷ್ಟು? ಕೈತೋಟದ ಭಾಷಣಗಳು ಸಾಮಾನ್ಯವಾಗಿ ಬೀಜದಿಂದ ಶುರುವಾಗುತ್ತವೆ. ನಮ್ಮ ಸೀಮೆಯಲ್ಲಿ ಬಕೆಟ್ಟಿನಿಂದ ಶುರುಮಾಡಬೇಕು. ಒಂದು ಗುಂಟೆಯೆಂದರೆ ಸುಮಾರು ನೂರು ಚದರ ಮೀಟರ್. ತರಕಾರಿಗೆ ಸರಾಸರಿ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಗುಂಟೆಗೆ 500 ಲೀಟರ್. ಏಪ್ರಿಲ್–ಮೇ ಬಿಸಿಲಿಗೆ ಏಳು ಮಿಲಿಮೀಟರ್ ಎಂದರೆ 700 ಲೀಟರ್. ಈಗ ಮನೆಯ ಕಡೆ ನೋಡಿ. ಜಲಜೀವನ ಯೋಜನೆಯ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. ಐದು ಮಂದಿಗೆ 275. ಅದರಲ್ಲಿ ಕುಡಿಯಲು, ಅಡಿಗೆಗೆ, ಶೌಚಕ್ಕೆ ಹೋದದ್ದನ್ನು ಕಳೆದರೆ ಸ್ನಾನ, ಪಾತ್ರೆ, ಕೈಕಾಲು ತೊಳೆದ ನೀರು ಅಂದಾಜು 150 ಲೀಟರ್ ಬಚ್ಚಲಿನಿಂದ ಹೊರಬೀಳುತ್ತದೆ. ಅಷ್ಟು ನೀರಿಗೆ ಬೇಸಿಗೆಯಲ್ಲಿ ಬದುಕುವುದು ಸುಮಾರು ಇಪ್ಪತ್ತು ಚದರ ಮೀಟರ್ ಹಸಿರು, ಅಂದರೆ ಗುಂಟೆಯ ಐದನೆಯ ಒಂದು ಪಾಲು. ಇದೇ ಕಾರಣಕ್ಕೆ ಮಳೆಗಾಲದ ಹುಮ್ಮಸ್ಸಿನಲ್ಲಿ ಗುಂಟೆ ತುಂಬ ಹಚ್ಚಿದ ಕೈತೋಟ ಶಿವರಾತ್ರಿಯ ಹೊತ್ತಿಗೆ ಒಣಗಿ, ಮುಂದಿನ ವರ್ಷ ಆ ಮನೆಯವರು ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಸೋತದ್ದು ಅವರ ಶ್ರದ್ಧೆಯಲ್ಲ, ಅವರ ಲೆಕ್ಕ. ಮಳೆಗಾಲಕ್ಕೆ ಒಂದು ಗುಂಟೆ, ಬೇಸಿಗೆಗೆ ಇಪ್ಪತ್ತು ಚದರ ಮೀಟರ್ ಎಂದು ಮೊದಲೇ ಗೆರೆ ಎಳೆದುಕೊಂಡರೆ ತೋಟ ಸಾಯುವುದಿಲ್ಲ, ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. 50 ಚದರ ಮೀಟರಿನ ಮಾಳಿಗೆಯ ಮೇಲೆ ಬೀಳುವುದು 30 ಸಾವಿರ ಲೀಟರ್. ಅದನ್ನೆಲ್ಲ ಹಿಡಿದಿಡುವ ತೊಟ್ಟಿ ಬಡವರಿಗೆ ದುಬಾರಿ. ಮಾಳಿಗೆಯ ನೀರನ್ನು ಹಿತ್ತಲಿನ ಮಡಿಗಳತ್ತ ತಿರುಗಿಸುವ ಒಂದು ಕಾಲುವೆಗೆ ಮಾತ್ರ ಖರ್ಚಿಲ್ಲ. ಹೋಲಿಕೆಗೆ ಇನ್ನೊಂದು ಲೆಕ್ಕ: ಭತ್ತಕ್ಕೆ ಹಂಗಾಮಿಗೆ 1,200 ಮಿಲಿಮೀಟರ್ ಎಂದು ಹಿಡಿದರೆ ಎಕರೆಗೆ 48 ಲಕ್ಷ ಲೀಟರಿಗೂ ಹೆಚ್ಚು. ಒಂದು ಗುಂಟೆಯ ಹಿತ್ತಲಿಗೆ, ಮಳೆಯೇ ಬಾರದಿದ್ದರೂ, ವರ್ಷವಿಡೀ ಬೇಕಾಗುವುದು ಎರಡು ಲಕ್ಷದೊಳಗೆ. ಒಂದು ಎಕರೆಯ ಒಂದು ಬೆಳೆಯ ನೀರಿನಲ್ಲಿ ಇಪ್ಪತ್ತೈದು ಮನೆಗಳ ಹಿತ್ತಲು ವರ್ಷಪೂರ್ತಿ ನಡೆಯುತ್ತದೆ. ಹಿತ್ತಲಿಗೆ ನೀರೆಲ್ಲಿದೆ ಎಂದು ಕೇಳುವವರಿಗೆ ಇದನ್ನು ಹೇಳಬೇಕು.

ಇಳುವರಿಯ ಬಗ್ಗೆಯೂ ಬಣ್ಣದ ಮಾತು ಬೇಡ. ದೇಶದ ಸರಾಸರಿ ತರಕಾರಿ ಇಳುವರಿ ಹೆಕ್ಟೇರಿಗೆ ಒಂದು ಬೆಳೆಗೆ ಸುಮಾರು 18 ಟನ್, ಅಂದರೆ ಗುಂಟೆಗೆ 180 ಕಿಲೋ. ಮುಂಗಾರಿ, ಹಿಂಗಾರಿ ಎರಡು ಬೆಳೆಗೆ 360 ಕಿಲೋ. ಐದು ಮಂದಿಗೆ ವರ್ಷಕ್ಕೆ ಬೇಕಾದದ್ದು 730. ಒಂದು ಗುಂಟೆ ಚೆನ್ನಾಗಿ ನಡೆದರೆ ಅರ್ಧ ಬರುತ್ತದೆ, ಉಳಿದರ್ಧ ಸಂತೆಯಿಂದಲೇ ಬರಬೇಕು. ಹಾಗಾಗಿ ಹಿತ್ತಲಿನಲ್ಲಿ ಏನು ಬೆಳೆಯಬೇಕು ಎನ್ನುವುದು, ಸಂತೆಯಲ್ಲಿ ಯಾವುದು ಕೆಟ್ಟದಾಗಿ ಸಿಗುತ್ತದೆ, ಯಾವುದು ಬೇಗ ಬಾಡುತ್ತದೆ ಎನ್ನುವುದರಿಂದ ತೀರ್ಮಾನವಾಗಬೇಕು. ಗಡ್ಡೆಕೋಸು, ಹೂಕೋಸು ಬೆಳೆದು ಫೋಟೋ ತೆಗೆಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ, ಇಪ್ಪತ್ತು ಬಕೆಟ್ ನೀರು ಅದಕ್ಕೆ ಹೋಗುವುದಕ್ಕೆ ತಕರಾರಿದೆ.

ಈಗ ವರ್ಷವನ್ನು ಹಿಂದಿನಿಂದ ಎಣಿಸೋಣ. ಮೇ ತಿಂಗಳ ನಡುವೆ ತಾಟಿನಲ್ಲಿ ಹಸಿರು ಏನಿರಬಹುದು? ಮೊದಲ ಉತ್ತರ ನುಗ್ಗೆ. ಎಲೆ, ಹೂ, ಕಾಯಿ ಮೂರೂ ತಿನ್ನಲು ಬರುವ, ಬೇರು ಇಳಿದ ಮೇಲೆ ಬಿಸಿಲಿಗೆ ಜಗ್ಗದ ಮರ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿಯೋ ತಮಿಳುನಾಡಿನ ಪಿಕೆಎಂ-1 ತಳಿಯೋ ಆದರೆ ಬೀಜದಿಂದಲೇ ಬೆಳೆದು ವರ್ಷದೊಳಗೆ ಕಾಯಿ ಬಿಡುತ್ತವೆ. ಅದರ ಜೊತೆಗೆ ತೊಂಡೆ ಬಳ್ಳಿ, ಕರಿಬೇವು, ನಿಂಬೆ, ಪಪ್ಪಾಯಿ. ಬಚ್ಚಲ ನೀರಿನ ಜಾಗ ಇವುಗಳದ್ದು. ಸಾಬೂನಿನ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಯಿಸಬಾರದು. ಮರಕ್ಕೆ, ಬಳ್ಳಿಯ ಬುಡಕ್ಕೆ ಅಡ್ಡಿಯಿಲ್ಲ. ಇವು ಮೇ ತಿಂಗಳಲ್ಲಿ ಕೈಗೆ ಬರಬೇಕಾದರೆ ಹಿಂದಿನ ಮಿರಗ, ಆರಿದ್ರ ಮಳೆಗೆ ನೆಲ ಸೇರಿರಬೇಕು. ಬೇಸಿಗೆಯ ಎರಡನೆಯ ಉತ್ತರ ಒಣಗಿಸಿದ್ದು: ಒಣ ಚವಳೀಕಾಯಿ, ಬದನೆ ಹೋಳು, ಮಜ್ಜಿಗೆ ಮೆಣಸಿನಕಾಯಿ, ಒಣ ಪುಂಡಿ, ಜೊತೆಗೆ ಹೆಸರು, ಮಡಿಕೆಯ ಮೊಳಕೆ. ಒಣಗಿಸಿದ್ದರಲ್ಲಿ ಸಿ ಜೀವಸತ್ವ ಉಳಿಯುವುದಿಲ್ಲ ನಿಜ. ಮೊಳಕೆಯೊಡೆದ ಹೆಸರಿನಲ್ಲಿ ಅದು ಹೊಸದಾಗಿ ಹುಟ್ಟುತ್ತದೆ. ಮಾಘದ ಬಿಸಿಲಿನಲ್ಲಿ ಒಣಗಿಸಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಮನೆಗೆ ಮಿಕ್ಕುವಷ್ಟು ಬೆಳೆ ಇರಬೇಕು. ಅದಕ್ಕೆ ಉತ್ತರಿ, ಹಸ್ತ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದೊಳಗೆ, ಹಿಂಗಾರಿ ಬಿತ್ತನೆ ಮುಗಿದಿರಬೇಕು. ಮೆಂತ್ಯ, ಸಬ್ಬಸಗಿ, ಪಾಲಕ, ಮೂಲಂಗಿ, ಕೊತ್ತಂಬರಿಗಳ ಕಾಲ ಅದು. ಮೆಂತ್ಯ ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹೊಟ್ಟೆ ತುಂಬ, ಆಮೇಲೆ ಖಾಲಿ. ಹದಿನೈದು ದಿನಕ್ಕೊಂದು ಮಡಿ ಬಿತ್ತಬೇಕು. ಇನ್ನು ಮುಂಗಾರಿ. ರೋಹಿಣಿಯಲ್ಲಿ ತಿಪ್ಪಿಗೊಬ್ಬರ ಹರಡಿ, ಮಿರಗಕ್ಕೆ ಬೆಂಡೆ, ಚವಳಿ, ಪುಂಡಿ, ಹೀರೆ, ಹಾಗಲ, ಸೌತೆ. ಅದೇ ಹೊತ್ತಿಗೆ ಬದನೆ, ಮೆಣಸಿನಕಾಯಿ ಸಸಿಮಡಿ ಹಾಕಿ ಪುನರ್ವಸುವಿಗೆ ನಾಟಿ. ಎರೆನೆಲದಲ್ಲಿ ಮಳೆಯ ನೀರು ನಿಂತು ಬೇರು ಕೊಳೆಯುವುದರಿಂದ ಮಡಿ ಒಂದು ಗೇಣು ಎತ್ತರಿಸಿರಬೇಕು. ನಕ್ಷತ್ರದ ಲೆಕ್ಕ ಹಳೆಯದಾಯಿತು, ಮಳೆ ಈಗ ಹೇಳಿದ ಮಾತು ಕೇಳುವುದಿಲ್ಲ ಎಂಬುದು ನಿಜವೇ. ಮಳೆ ಬರುವುದನ್ನು ಅದು ಖಾತ್ರಿಪಡಿಸದಿದ್ದರೂ ಹದಿಮೂರು, ಹದಿನಾಲ್ಕು ದಿನಗಳ ತುಂಡುಗಳಲ್ಲಿ ಕೆಲಸ ಹಂಚುವುದಕ್ಕೆ ಅಷ್ಟು ಅನುಕೂಲದ ಪಂಚಾಂಗ ಬೇರೊಂದು ಇಲ್ಲ. ಕಾಲುವೆ ಬಿಡುವ ದಿನಾಂಕಕ್ಕಿಂತಲೂ ಅದು ನಂಬಿಗಸ್ತ.

ಸವಳಿನ ವಿಷಯ ಚುಟುಕಾಗಿ. ದಶಕಗಳ ಕಾಲ ನೀರು ನಿಂತ ಅಚ್ಚುಕಟ್ಟಿನಲ್ಲಿ ಉಪ್ಪು ಮೇಲೆದ್ದ ನೆಲ ಬಹಳವಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಕುರಿತೇ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಹುರುಳಿಕಾಯಿ, ಗಜ್ಜರಿ, ಉಳ್ಳಾಗಡ್ಡಿ ಅಂಥ ಮಣ್ಣಿನಲ್ಲಿ ಸೊರಗುತ್ತವೆ. ಬೀಟ್‌ರೂಟ್, ಪಾಲಕ ಸ್ವಲ್ಪ ತಾಳುತ್ತವೆ, ಚವಳೀಕಾಯಿ ಚೆನ್ನಾಗಿಯೇ ತಾಳುತ್ತದೆ. ನೆಲ ಬಿಳಿಗಟ್ಟಿದ ಮನೆಯವರು ತೋಟದ ಆಸೆ ಬಿಡದೆ ಪಟ್ಟಿಯನ್ನು ಬದಲಿಸಿಕೊಳ್ಳಬೇಕು.

ಈಗ ನನಗೆ ಅತ್ಯಂತ ಕಷ್ಟದ್ದೆನಿಸುವ ಆಕ್ಷೇಪ. ಈ ಕೆಲಸ ಮಾಡುವವರು ಯಾರು? ನಾಟಿ, ಕಳೆ, ಕೊಯ್ಲಿನ ಕೂಲಿ ಮುಗಿಸಿ, ರೊಟ್ಟಿ ಬಡಿದು, ನೀರು ಹೊತ್ತು ಬಂದ ಹೆಣ್ಣುಮಗಳ ಮೇಲೆ ಇನ್ನೊಂದು ಹೊರೆ ಇಟ್ಟು, ಅದಕ್ಕೆ ಪೌಷ್ಟಿಕ ಕೈತೋಟ ಎಂದು ಹೆಸರಿಡುತ್ತೀರಾ? ಪ್ರಶ್ನೆ ನ್ಯಾಯವಾದದ್ದು, ಕೈತೋಟದ ಪ್ರಚಾರ ಮಾಡುವ ಇಲಾಖೆಗಳು ಅದನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ಮನೆಮನೆಗೂ ತೋಟದ ಕರೆ ಕೊಟ್ಟಿತು. 1943ರಲ್ಲಿ ಸುಮಾರು ಎರಡು ಕೋಟಿ ತೋಟಗಳಿದ್ದವು, ದೇಶದ ತರಕಾರಿಯಲ್ಲಿ ಶೇಕಡಾ 40ರಷ್ಟು ಅವುಗಳಿಂದಲೇ ಬಂತೆಂದು ಅಂದಾಜು. ಯುದ್ಧ ಮುಗಿದು ಕರೆ ನಿಂತ ಮೇಲೆ ತೋಟಗಳೂ ಹೋದವು. ಉತ್ಸಾಹದಿಂದ ಹುಟ್ಟಿದ ತೋಟಕ್ಕೆ ಉತ್ಸಾಹದಷ್ಟೇ ಆಯುಸ್ಸು. ಮನೆಯ ದಿನಚರಿಯೊಳಗೆ ಕೆಲಸ ಹಂಚಿಕೆಯಾಗದಿದ್ದರೆ ನಮ್ಮದರ ಗತಿಯೂ ಅದೇ. ಅಗೆತ, ಬೇಲಿ, ಗೊಬ್ಬರ ಹೊರುವುದು, ಬಚ್ಚಲ ಕಾಲುವೆ ಕಡಿಯುವುದು ವರ್ಷಕ್ಕೆ ನಾಲ್ಕಾರು ದಿನದ ಭಾರದ ಕೆಲಸ. ಅದು ಮನೆಯ ಗಂಡಸರದ್ದು ಎಂದು ನೇರವಾಗಿ ಹೇಳಬೇಕು. ಭತ್ತ ನಾಟಿ ಮುಗಿದು ಕೊಯ್ಲಿನವರೆಗೆ ಅಗಸಿಕಟ್ಟೆಯ ಮೇಲೆ ಕಳೆಯುವ ಹೊತ್ತು ಸಣ್ಣದೇನಲ್ಲ. ಮೇಲೆ ಹೇಳಿದ ಯೋಜನೆಯಲ್ಲಿ ಮರ, ಬಳ್ಳಿಗಳಿಗೆ ಹೆಚ್ಚು ಪಾಲು ಕೊಟ್ಟದ್ದಕ್ಕೆ ನೀರಿನಷ್ಟೇ ಇದೂ ಕಾರಣ. ನುಗ್ಗೆ, ತೊಂಡೆ, ಕರಿಬೇವಿಗೆ ದಿನಾ ಕೈ ಹಚ್ಚಬೇಕಿಲ್ಲ. ಇಷ್ಟಾಗಿಯೂ ಹೊರೆ ಹೆಚ್ಚಾಗುವ ಮನೆಗಳಲ್ಲಿ ತೋಟ ಬೇಡ ಎನ್ನುವ ಹಕ್ಕು ಆ ಹೆಣ್ಣುಮಗಳದ್ದು.

ಹಿತ್ತಲೇ ಇಲ್ಲದವರು? ಕಾಲನಿಗಳಲ್ಲಿ, ತಾಂಡಾಗಳಲ್ಲಿ, ಗೋಡೆಗೆ ಗೋಡೆ ತಾಗಿದ ಆಶ್ರಯ ಮನೆಗಳಲ್ಲಿ ಇರುವವರಿಗೇ ಈ ಸೊಪ್ಪು ಹೆಚ್ಚು ಬೇಕು. ಲಿಂಗಸುಗೂರು, ಮಸ್ಕಿಯ ಒಣಭೂಮಿ ಭಾಗದಿಂದ ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಕುಟುಂಬಗಳಿಗೆ ಬೇಸಿಗೆಯ ಇಪ್ಪತ್ತು ಚದರ ಮೀಟರಿನ ಮಾತು ಹಾಸ್ಯದಂತೆ ಕೇಳಿಸೀತು. ಇಲ್ಲಿ ಹಿತ್ತಲಿನ ವಾದ ತನ್ನ ಮಿತಿಗೆ ಬಂದು ನಿಲ್ಲುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಣಭೂಮಿಯಲ್ಲಿ ಉತ್ತರ ಹಿತ್ತಲಲ್ಲ, ಹೊಲವೇ: ಅಲ್ಲಿ ಜೋಳ, ತೊಗರಿ, ಸಜ್ಜೆ ಇನ್ನೂ ಉಳಿದಿವೆ, ಅಕ್ಕಡಿ ಸಾಲನ್ನು ಮತ್ತೆ ಹಚ್ಚಲು ಬೇರೆ ನೀರು ಬೇಕಿಲ್ಲ. ನೀರಾವರಿ ಭಾಗದಲ್ಲಿ ಗದ್ದೆಯ ಅಗಲ ಬದುಗಳ ಮೇಲೆ ತೊಗರಿ, ಬೆಂಡೆ, ಪುಂಡಿ ಬರುತ್ತವೆ. ಔಷಧ ಹೊಡೆಯುವ ದಿನಗಳಲ್ಲಿ ಆ ಸೊಪ್ಪನ್ನು ಮುಟ್ಟಬಾರದು ಅಷ್ಟೆ. ಹಿತ್ತಲಿಲ್ಲದವರ ಮಕ್ಕಳು ಊಟ ಮಾಡುವುದು ಅಂಗನವಾಡಿಯಲ್ಲಿ, ಶಾಲೆಯಲ್ಲಿ. ಅಲ್ಲಿಯ ಅಂಗಳದಲ್ಲಿ ನಾಲ್ಕು ನುಗ್ಗೆ ಮರವಿದ್ದರೆ ಬಿಸಿಯೂಟದ ಸಾರಿಗೆ ಬೇಸಿಗೆ ರಜೆಯವರೆಗೂ ಎಲೆ ಸಿಗುತ್ತದೆ. ಪಂಚಾಯಿತಿ ಇದನ್ನು ನೆಡುವ ಕಾರ್ಯಕ್ರಮವಾಗಿ ನೋಡದೆ ನೀರು ಹಾಕುವ ಕಾರ್ಯಕ್ರಮವಾಗಿ ನೋಡಬೇಕು. ಜೂನ್ 5ರ ಪರಿಸರ ದಿನದಂದು ನೆಟ್ಟ ಗಿಡಗಳಿಗೆ ಆಮೇಲೆ ಏನಾಗುತ್ತದೆ ಎಂದು ಇಲ್ಲಿ ಕುಳಿತವರಿಗೆಲ್ಲ ಗೊತ್ತು.

ನಮ್ಮದೇ ಮೂಲದ ಆಹಾರ ಎಂಬ ಅಭಿಮಾನದ ಮಾತಿಗೂ ಒಂದು ಎಚ್ಚರಿಕೆ. ತುಂಗಭದ್ರೆಯ ಆಚೆ ಸಂಗನಕಲ್ಲಿನಂಥ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ನೋಡಿದರೆ ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿಯವರು ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಜೋಳವೂ ಸಜ್ಜೆಯೂ ಆಫ್ರಿಕಾದಿಂದ ಬಂದವು. ಶೇಂಗಾ, ಮೆಣಸಿನಕಾಯಿ, ಟೊಮೆಟೊ ಅಮೆರಿಕ ಖಂಡದವು. ಇದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಯಾದ ಪೂರ್ವ ಬಂಗಾಳದ ಕುಟುಂಬಗಳಿಗೆ ಅನ್ನ, ಮೀನು, ಸೊಪ್ಪು ಕೂಡಿದ್ದೇ ಮನೆಯ ಊಟ. ಅವರನ್ನು ಜೋಳದ ರೊಟ್ಟಿಗೆ ಮತಾಂತರಿಸುವ ಅಗತ್ಯ ಕಾಣೆ. ಯಾವುದು ಎಲ್ಲಿಂದ ಬಂತು ಎಂದು ವಿಚಾರಿಸದೆ, ಈ ಮಣ್ಣಿನಲ್ಲಿ ಈ ನೀರಿನಲ್ಲಿ ನಿಲ್ಲುತ್ತದೆಯೇ, ಇಲ್ಲಿಯವರು ಅದನ್ನು ಅಡಿಗೆಗೆ ಒಗ್ಗಿಸಿಕೊಂಡಿದ್ದಾರೆಯೇ ಎಂದು ಕೇಳಿದರೆ ಸಾಕು.

ಕೊನೆಗೆ ಬೀಜ. ಈ ಊರಿನ ಹೆಸರು ದೇಶದ ಕೃಷಿ ಇಲಾಖೆಗಳಲ್ಲಿ ಗೊತ್ತಿರುವುದೇ ಬೀಜದಿಂದ. 1969ರಲ್ಲಿ ಹುಟ್ಟಿದ ಕೇಂದ್ರದ ಸ್ಟೇಟ್ ಫಾರ್ಮ್ಸ್ ಕಾರ್ಪೊರೇಷನ್ನಿನ ಬೀಜೋತ್ಪಾದನಾ ಕ್ಷೇತ್ರ ಜವಳಗೇರಾದಲ್ಲಿ ಬೆಳೆಯಿತು. 2014ರಲ್ಲಿ ಆ ನಿಗಮ ರಾಷ್ಟ್ರೀಯ ಬೀಜ ನಿಗಮದಲ್ಲಿ ವಿಲೀನವಾಯಿತು. ಅಲ್ಲಿಯ ಲೆಕ್ಕ ಕ್ವಿಂಟಲ್‌ಗಳಲ್ಲಿ. ಹಿತ್ತಲಿನ ಲೆಕ್ಕ ಗ್ರಾಂಗಳಲ್ಲಿ: ಒಂದು ಗುಂಟೆ ತುಂಬ ರಾಜಗಿರಿ ಬಿತ್ತಲು 25 ಗ್ರಾಂ ಸಾಕು. ಇಷ್ಟು ಸಣ್ಣ ಬೀಜವನ್ನು ಹಂಚುವುದರಲ್ಲಿ ದೊಡ್ಡ ಸಂಸ್ಥೆಗೆ ಆಸಕ್ತಿ ಇರುವುದಿಲ್ಲ, ಅಂಗಡಿಯ ಪೊಟ್ಟಣದಲ್ಲಿ ಬರುವುದು ಬಹುಪಾಲು ಹೈಬ್ರಿಡ್; ಅದರಿಂದ ತೆಗೆದ ಬೀಜ ಮುಂದಿನ ವರ್ಷ ತಾಯಿಯಂತೆ ಬರುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ರಾಜಗಿರಿ, ಅರ್ಕಾ ಅನುಪಮ ಪಾಲಕ, ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲದ ತಳಿಗಳು; ಅವನ್ನು ಒಮ್ಮೆ ತಂದರೆ ಬೀಜ ಉಳಿಸಿಕೊಳ್ಳಬಹುದು. ಮೊದಲ ವರ್ಷ ಸುಲಭದವನ್ನು ಆರಿಸಿಕೊಳ್ಳಿ. ಮೆಂತ್ಯ, ಚವಳಿ, ಅಲಸಂದಿ, ಹೆಸರು ತಮ್ಮೊಳಗೇ ಪರಾಗ ಕಟ್ಟುವ ಜಾತಿಯವು, ಪಕ್ಕದ ಮನೆಯ ಬೆಳೆಯಿಂದ ಅವುಗಳ ಬೀಜ ಕೆಡುವುದು ಅಪರೂಪ. ಹೀರೆ, ಸೌತೆ, ಕುಂಬಳಗಳಲ್ಲಿ ಜೇನ್ನೊಣ ಎಲ್ಲ ಬೆರೆಸಿಬಿಡುವುದರಿಂದ ಇಡೀ ಓಣಿಯವರು ಒಂದೇ ತಳಿ ಹಚ್ಚಲು ಒಪ್ಪಬೇಕು, ಇಲ್ಲವೆ ಅವುಗಳ ಬೀಜವನ್ನು ಕೊಳ್ಳುವುದೇ ಮೇಲು. ಮಡಿಯ ನಡುವಿನ, ರೋಗವಿಲ್ಲದ, ಮೊದಲು ಕಾಯಿ ಕಟ್ಟಿದ ನಾಲ್ಕೈದು ಗಿಡಗಳಿಗೆ ದಾರ ಕಟ್ಟಿ, ಅವುಗಳ ಕಾಯಿಯನ್ನು ಪಲ್ಯಕ್ಕೆ ಕೊಯ್ಯದೆ ಒಣಗಲು ಬಿಡಬೇಕು. ಕಾಳನ್ನು ನೆರಳಲ್ಲಿ ಆರಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಬಿತ್ತಿದ ಮಳೆಯ ಹೆಸರು ಬರೆದು ಇಟ್ಟರೆ ಬರುವ ರೋಹಿಣಿಗೆ ಅಂಗಡಿಗೆ ಹೋಗುವ ಕೆಲಸ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.